ಡೆಲಿವರಿ ಜಾಕೆಟ್ ತೊಟ್ಟ ನಿನ್ಯೊ

ನಮ್ಮ ಮನೆಯ ಬಾಲಯೇಸುವಿಗೆ ನನಗಿಂತ ಹೆಚ್ಚು ಬಟ್ಟೆಗಳಿವೆ. ಸಂನ್ಯಾಸಿ ಸಭೆಗೆ ಸೇರಿದ ಮೇಲೆ ನನಗಿರುವುದು ಎರಡೇ ಬಿಳಿ ನಿಲುವಂಗಿ. ಒಂದು ಮೈಮೇಲೆ, ಇನ್ನೊಂದು ಹಗ್ಗದ ಮೇಲೆ. ಒಂದಡಿ ಎತ್ತರದ ನಮ್ಮ ಮರದ ಸಾಂತೊ ನಿನ್ಯೊನಿಗಾದರೆ ಟ್ರಂಕು ತುಂಬ ಇವೆ, ಅವಕ್ಕೆಲ್ಲ ನುಸಿಗುಳಿಗೆ ಬೇರೆ.

ಪ್ರತಿ ಜನವರಿಯಲ್ಲೂ, ನಿನ್ಯೊನ ಹಬ್ಬಕ್ಕೆ ಮೊದಲು, ನಾನು ಆ ವರ್ಷ ಏನಾಗಿದ್ದೇನೋ ಅದೇ ವೇಷವನ್ನು ಇನಾಂಗ್ ಅವನಿಗೂ ಹೊಲಿಯುತ್ತಾಳೆ. ಇನಾಂಗ್ ಎಂದರೆ ನನ್ನ ತಾಯಿ. ಊರಿಗೆ ಅವಳು ಆಲಿಂಗ್ ಉರ್ಸುಲಾ, ಅಂದರೆ ಉರ್ಸುಲಮ್ಮ. ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ ನಿನ್ಯೊನಿಗೆ ನೀಲಿ ಚಡ್ಡಿ, ಎದೆಗೆ ಪಿನ್ನು ಹಾಕಿದ ಕರವಸ್ತ್ರ. ಓಣಿಯ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಕೊಂಡಾಗ ಹಳದಿ ಜೆರ್ಸಿ. ಕೈಗೊಂದು ಪುಟ್ಟ ಚೆಂಡು ಕೊಡು ಎಂದು ಅಂಗಲಾಚಿದ್ದಕ್ಕೆ, "ನಿನ್ನ ಕೈಗೇ ಅವರು ಚೆಂಡು ಕೊಡಲ್ಲ, ಇವನ ಕೈಗ್ಯಾಕೋ?" ಅಂದಿದ್ದಳು. ಕೋಳಿ ಹುರಿಯುವ ಅಂಗಡಿಯಲ್ಲಿ ದುಡಿದ ಬೇಸಿಗೆಯ ಮುಂದಿನ ಹಬ್ಬಕ್ಕೆ ಕೆಂಪು ಟೋಪಿ, ಏಪ್ರನ್ನು. ಟಿವಿಯ ಮಧ್ಯಾಹ್ನದ ಕಾರ್ಯಕ್ರಮಕ್ಕೆ ಮಿಮಿಕ್ರಿ ಮಾಡಲು ಸಾಲಿನಲ್ಲಿ ನಿಂತು, ಆಯ್ಕೆಯಾಗದೆ, ಬಿಸಿಲಿಗೆ ಸುಟ್ಟುಕೊಂಡು ಬಂದ ವರ್ಷ ಮಿಣಮಿಣ ಮಿಂಚುವ ಕೋಟು. ನಾನು ಸೋತರೂ ನಿನ್ಯೊ ಆ ಕೋಟಿನಲ್ಲಿ ಹಬ್ಬ ಪೂರ್ತಿ ಮಿಂಚಿದ.

ತೊಂಡೊ ಎಂಬ ನಮ್ಮ ಕೇರಿಯಲ್ಲಿ ಇದನ್ನು ಯಾರೂ ವಿಚಿತ್ರ ಎನ್ನುವುದಿಲ್ಲ. ಮೀನುಗಾರರ ಮನೆಯ ನಿನ್ಯೊನ ಹೆಗಲಲ್ಲಿ ಬಲೆಯಿರುತ್ತದೆ, ಪೊಲೀಸರ ಮನೆಯವನ ಸೊಂಟದಲ್ಲಿ ಆಟದ ಪಿಸ್ತೂಲು. ದೇವರು ಅರಮನೆಯ ಅಂಗಿಯಲ್ಲೇ ಇರಬೇಕೆಂದು ಹಟ ಹಿಡಿದರೆ ನಮ್ಮ ಓಣಿಯಲ್ಲಿ ಅವನಿಗೆ ನಡೆದಾಡಲಿಕ್ಕೆ ಜಾಗವಾದರೂ ಎಲ್ಲಿದೆ?

ಈಚಿನ ಕೆಲವು ವರ್ಷಗಳಿಂದ ನಮ್ಮ ನಿನ್ಯೊ ಬಿಳಿ ನಿಲುವಂಗಿ, ನೀಲಿ ಹುರಿಯ ಸೊಂಟಪಟ್ಟಿಯಲ್ಲೇ ಇದ್ದ. ಈ ಸಲ ಇನಾಂಗ್ ಹೊಸದನ್ನು ಹೊಲಿದಿದ್ದಳು. ಅದರ ಎದೆಗೆ ಅಕ್ಕಸಾಲಿಗನಿಂದ ಮಾಡಿಸಿದ ಅವರೆಕಾಳಿನಷ್ಟು ಬೆಳ್ಳಿಯ ಶಿಲುಬೆ. ಬರುವ ತಿಂಗಳು ಮೇಣದಬತ್ತಿಯ ಹಬ್ಬದ ದಿನ ನಾನು ನಿತ್ಯವ್ರತ ತೆಗೆದುಕೊಳ್ಳಬೇಕಿತ್ತು. ನಿತ್ಯವ್ರತ ಎಂದರೆ ಸಾಯುವ ತನಕ. ಅಂಥ ವ್ರತ ತೆಗೆದುಕೊಂಡವರಿಗೆ ನಮ್ಮ ಸಭೆಯಲ್ಲಿ ಎದೆಗೆ ಬೆಳ್ಳಿ ಶಿಲುಬೆ ತೊಡಿಸುತ್ತಾರೆ.

ಇನಾಂಗ್‌ಗೆ ಗೊತ್ತಿಲ್ಲದ ಸಂಗತಿಯೆಂದರೆ, ತೆಗೆದುಕೊಳ್ಳುತ್ತೇನೋ ಇಲ್ಲವೋ ಎಂದು ನಮ್ಮ ಹಿರಿಯರಾದ ಫಾದರ್ ಒನೊರಾಟೊಗೆ ನಾನಿನ್ನೂ ಹೇಳಿರಲಿಲ್ಲ. "ಹಬ್ಬ ಮುಗೀಲಿ. ಭಾನುವಾರ ಸಂಜೆ ಬಂದು ಹೇಳು" ಎಂದು ಅವರು ಗಡುವು ಕೊಟ್ಟಿದ್ದರು.

ತೊಡಕು ಇದ್ದದ್ದು ನನ್ನ ಗಂಟಲಿನಲ್ಲಿ. ಚಿಕ್ಕಂದಿನಿಂದ ಯಾರ ಮಾತು ಕೇಳಿದರೂ ಅವರ ದನಿ ನನಗೆ ಅಂಟಿಕೊಳ್ಳುತ್ತಿತ್ತು. ಬೇರೆ ಮಕ್ಕಳು ಕಂಠಪಾಠ ಮಾಡಿದರು, ನಾನು ಕಂಠಚೌರ್ಯ ಮಾಡಿದೆ. ಜೀಪ್ನಿ ಚಾಲಕ ಜನ ಕರೆಯುವ ಕೂಗು, ಟಿವಿ ನಿರೂಪಕನ ಬೆಣ್ಣೆ ಮಾತು, ವಿಡಿಯೊಕೆ ಎಂಬ ಹಾಡುಪೆಟ್ಟಿಗೆಯ ಮೈಕು ಸಿಕ್ಕಿದ ಕೂಡಲೇ ಅಳುಬುರುಕರಾಗುವ ಮಾವಂದಿರು, ಎಲ್ಲರೂ ನನ್ನ ಹೊಟ್ಟೆಯೊಳಗಿದ್ದರು. ಮಠದಲ್ಲೂ ಊಟದ ಹೊತ್ತಿಗೆ ನಾನೇ ಬೇಕು. ಫಾದರ್ ಒನೊರಾಟೊ ಪ್ರವಚನಕ್ಕೆ ಮೊದಲು ಮೂರು ಸಲ ಕೆಮ್ಮುವುದನ್ನು ಸ್ವತಃ ಫಾದರ್ ಒನೊರಾಟೊ ಎದುರೇ ಮಾಡಿ ತೋರಿಸಿ, ಅವರಿಂದಲೇ ಎರಡನೇ ಸಲ ಅನ್ನ ಬಡಿಸಿಕೊಂಡವನು ನಾನು.

ಒಂದು ಬೆಳಿಗ್ಗೆ ಪ್ರಾರ್ಥನೆ ನಡೆಸುವ ಸರದಿ ನನ್ನದಾಗಿತ್ತು. ಅರ್ಧ ಕೀರ್ತನೆ ಮುಗಿದಿರಬೇಕು, ನನ್ನ ಬಾಯಿಂದಲೇ ಫಾದರ್ ಒನೊರಾಟೊ ಕೇಳಿಸಿದರು. ಮಾತೆ ಮರಿಯಳ ಹೆಸರು ಬಂದಾಗ ಅದೇ ಮೂಗಿನ ಮೃದುತನ, ಆಮೆನ್‌ಗೆ ಮೊದಲು ಅದೇ ತಡೆ. ಯಾರೂ ನಗಲಿಲ್ಲ. ನಗಿಸಲೆಂದು ನಾನು ಮಾಡಿರಲೂ ಇಲ್ಲ. ಅಂದಿನಿಂದ ಹುಡುಕಲು ಶುರುಮಾಡಿದೆ. ನಮ್ಮ ಸಭೆ ನೋಡಿಕೊಳ್ಳುವ ರೋಗಿಗಳ ಹತ್ತಿರ ನಾನು ತೋರಿಸುವ ತಾಳ್ಮೆ, ಈಗ ಕಾಲವಾಗಿರುವ ಹಿರಿಯ ಬ್ರದರೊಬ್ಬರದು. ಕೈಮಡಚಿ ನಡೆಯುವ ನಡಿಗೆ ನಮಗೆ ದೀಕ್ಷೆ ಕೊಟ್ಟ ಗುರುಗಳದು. ತಲೆಬಾಗಿಸುವ ಭಂಗಿ ಸಂತರ ಪಟಗಳದು. ಇದನ್ನೆಲ್ಲ ಈರುಳ್ಳಿಯ ಹಾಗೆ ಸುಲಿಯುತ್ತ ಹೋದರೆ ನಿಲುವಂಗಿಯೊಳಗೆ ಉಳಿಯುವವನು ಯಾರು? ಸಾಯುವ ತನಕ ಎಂದು ಮಾತು ಕೊಡುವವನು ಮೊದಲು ಮಾತು ತನ್ನದೋ ಎಂದು ನೋಡಿಕೊಳ್ಳಬೇಡವೆ?

ಇದನ್ನು ನನ್ನ ಜೊತೆಗಾರ ಬ್ರದರ್ ಅಮಾಡೊನಿಗೆ ಹೇಳಿದೆ. ದಪ್ಪ ಕನ್ನಡಕದ, ತೆಳ್ಳನೆಯ ಮನುಷ್ಯ. ಪಾತ್ರೆ ತೊಳೆಯುತ್ತಲೇ ಯೋಚಿಸಿ, "ಅದಕ್ಕೇನೀಗ? ನಾನು ಥೇಟ್ ನಮ್ಮಪ್ಪನ ಹಾಗೇ ಸೀನ್ತೀನಿ. ಸಿಂಬಳ ನಂದೇ ಅಲ್ವಾ?" ಎಂದ.

ದೇವಶಾಸ್ತ್ರ ಓದಿದ ಯಾರೂ ನನಗೆ ಇಷ್ಟು ಒಳ್ಳೆಯ ಉತ್ತರ ಕೊಟ್ಟಿರಲಿಲ್ಲ. ಆದರೂ ಸಮಾಧಾನವಾಗಲಿಲ್ಲ.

ಹಬ್ಬದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ನಮ್ಮ ಪುಟ್ಟ ಗುಡಿಯಲ್ಲಿ ನಿನ್ಯೊಗಳ ಆಶೀರ್ವಾದ. ಮನೆಮನೆಯಿಂದ ತಂದು ಉದ್ದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ರಾತ್ರಿ ಅವು ಅಲ್ಲೇ ಇದ್ದು ಭಾನುವಾರ ಬೆಳಿಗ್ಗೆ ಮೆರವಣಿಗೆಗೆ ಹೊರಡಬೇಕು. ಇನಾಂಗ್ ತಾನು ಈಗಿರುವ ಮಲಬೋನಿನಿಂದ ಜೀಪ್ನಿಯಲ್ಲಿ ಬಂದಳು. ಒಂದು ತೊಡೆಯ ಮೇಲೆ ನಿನ್ಯೊ, ಇನ್ನೊಂದರ ಮೇಲೆ ದಪ್ಪ ಶಾವಿಗೆಯ ಪನ್ಸಿತ್ ತುಂಬಿದ ಬುಟ್ಟಿ. ಅವಳ ನಿನ್ಯೊನ ಪಕ್ಕದಲ್ಲಿ ಜಾಗ ಹಿಡಿದದ್ದು ನಮ್ಮ ಓಣಿಯ ಆಲಿಂಗ್ ಬಿನಿಂಗ್. ಅವಳ ಮಗ ರೊಡೆಲ್ ಬೈಕಿನಲ್ಲಿ ಊಟ ತಲುಪಿಸುವ ಡೆಲಿವರಿ ಹುಡುಗ. ಹಾಗಾಗಿ ಅವಳ ನಿನ್ಯೊನಿಗೆ ನೇರಳೆ ಜಾಕೆಟ್, ಕಿರೀಟದ ಬದಲು ಪುಟಾಣಿ ಹೆಲ್ಮೆಟ್, ಬೆನ್ನಿಗೆ ರಟ್ಟಿನ ಡಬ್ಬ.

"ಏನೇ ಬಿನಿಂಗ್, ನಿನ್ ನಿನ್ಯೊ ಊಟ ತಂದಿದಾನಾ?" ಎಂದಳು ಇನಾಂಗ್.

"ಆರ್ಡರ್ ಮಾಡು, ಬಿಸಿಬಿಸಿ ಕೊಡ್ತಾನೆ. ನಿನ್ನೋನು ಬರೀ ಕೈಮುಗಿದು ನಿಂತಿರ್ತಾನೆ. ಹೊಟ್ಟೆ ತುಂಬುತ್ತಾ?"

"ಮಗ ಎಲ್ಲಿ?"

"ಹೊರಗಿದಾನೆ, ಬೈಕ್ ಮೇಲೆ. ಒಳಗೆ ಬಾ ಅಂದ್ರೆ ಚಾವಣಿ ಬೀಳುತ್ತೆ ಅಂತಾನೆ ಬಡ್ಡೀಮಗ. ನಾಮಕರಣದ ದಿನ ಒಳಗೆ ಬಂದೋನು, ಅವತ್ತೂ ಅಳ್ತಾನೇ ಇದ್ದ. ನೀನು ಪುಣ್ಯವಂತೆ, ಉರ್ಸುಲಾ. ನಿನ್ನ ಮಗ ಒಳಗೇ ಇದಾನೆ."

ಇನಾಂಗ್ ಬೆಳ್ಳಿಯ ಶಿಲುಬೆಯನ್ನು ಬೆರಳಿನಿಂದ ಒರೆಸಿದಳು. ನಾನು ಹೂದಾನಿ ಸರಿಪಡಿಸುವವನ ಹಾಗೆ ಬೇರೆ ಕಡೆ ತಿರುಗಿದೆ.

ಫಾದರ್ ಒನೊರಾಟೊ ಪ್ರೋಕ್ಷಣೆ ಮಾಡುವವರಲ್ಲ, ಜಳಕ ಮಾಡಿಸುವವರು. ಬೆಳ್ಳಿಯ ಪ್ರೋಕ್ಷಣಿಯಿಂದ ತೀರ್ಥ ಸರಿಯಾಗಿ ಬೀಳುವುದಿಲ್ಲವೆಂದು ಅವರು ಬಳಸುವುದು ಪ್ಲಾಸ್ಟಿಕ್ ಬಕೆಟ್ಟು, ಕಡ್ಡಿಪೊರಕೆ. ಜನಕ್ಕೂ ಅದೇ ಇಷ್ಟ. ಒದ್ದೆಯಾಗದೆ ಮನೆಗೆ ಹೋದವನಿಗೆ ಆಶೀರ್ವಾದ ಆಗಲಿಲ್ಲವೆಂದೇ ಲೆಕ್ಕ. ಆ ಮಧ್ಯಾಹ್ನವೂ "ವಿವಾ!" ಎಂಬ ಜೈಕಾರದ ನಡುವೆ ಬಕೆಟ್ಟು ಖಾಲಿಯಾಗಿ, ತುಂಬಿ, ಮತ್ತೆ ಖಾಲಿಯಾಯಿತು. ಜನ ಹೋದ ಮೇಲೆ ನೋಡಿದರೆ ಸಾಲುಸಾಲು ನಿನ್ಯೊಗಳು ತೊಪ್ಪೆಯಾಗಿ ನಿಂತಿದ್ದರು. ಪೊಲೀಸನ ನೀಲಿ ಬಣ್ಣ ನರ್ಸಿನ ಬಿಳಿಗೆ ಇಳಿಯುತ್ತಿತ್ತು.

ನಾನೂ ಅಮಾಡೊನೂ ಎಲ್ಲರ ಬಟ್ಟೆ ಬಿಚ್ಚಿ ಅಂಗಳದ ಹಗ್ಗಕ್ಕೆ ಹಾಕಿದೆವು. ನಾನು ಬಾಸ್ಕೆಟ್‌ಬಾಲ್ ವೀಕ್ಷಕ ವಿವರಣೆಗಾರನ ದನಿಯಲ್ಲಿ, "ಇದೀಗ ಪೊಲೀಸ್ ಇಲಾಖೆ ಪ್ಯಾಂಟು ಕಳಚಿದೆ, ಎದುರಾಳಿ ಮೀನುಗಾರಿಕೆಯ ಬಲೆ ಬಿದ್ದಿದೆ" ಎನ್ನುತ್ತಿದ್ದೆ. ಅಮಾಡೊ ನಗುತ್ತ ಎರಡು ಸಲ ಕನ್ನಡಕ ಬೀಳಿಸಿದ. ಬೆತ್ತಲೆ ನಿನ್ಯೊಗಳು ಫ್ಯಾನಿನ ಕೆಳಗೆ ಒಣಗುತ್ತ ನಿಂತರು. ಎಲ್ಲರಿಗೂ ಅದೇ ಗುಂಡು ಕೆನ್ನೆ, ಅದೇ ಎತ್ತಿದ ಎರಡು ಬೆರಳು. ಒಂದೇ ಬೀದಿಯ ಬಡಗಿಗಳ ಕೈಯವು ತಾನೆ.

ಮರುದಿನ ಬೆಳಿಗ್ಗೆ ನಾನು ಡೋಲಿನ ಹುಡುಗರಿಗೆ ತಾಳ ಹಿಡಿಸುತ್ತಿದ್ದಾಗ ಅಮಾಡೊ ಒಬ್ಬನೇ ಎಲ್ಲರಿಗೂ ಬಟ್ಟೆ ತೊಡಿಸಿ ಮುಗಿಸಿದ. ಬಾಗಿಲು ತೆರೆದ ಕೂಡಲೇ ಜನ ನುಗ್ಗಿದರು.

ಮೊದಲು ಕೇಳಿದ್ದು ಆಲಿಂಗ್ ಬಿನಿಂಗಳ ಚೀತ್ಕಾರ. ತನ್ನ ನಿನ್ಯೊನ ಕಾಲಡಿಯ ಪೀಠಕ್ಕೆ ಅವಳು ಗುರುತಿಗೆಂದು ಕೆಂಪು ದಾರ ಕಟ್ಟಿದ್ದಳು. ಆ ಕೆಂಪು ದಾರದ ಮೇಲೆ ಈಗ ಬಿಳಿ ನಿಲುವಂಗಿ, ನೀಲಿ ಹುರಿ, ಬೆಳ್ಳಿಯ ಶಿಲುಬೆ.

"ಸ್ವಾಮೀ! ನನ್ನ ದೇವರೇ! ರಾತ್ರೋರಾತ್ರಿ ನಿಲುವಂಗಿ ತೊಟ್ಟಿದಾನೆ! ರೊಡೆಲ್! ಲೋ ರೊಡೆಲ್, ಇಳಿಯೋ ಬೈಕಿಂದ! ದೇವರು ನಿನ್ನ ಕರೀತಿದಾನೆ!"

ಹೊರಗಿನಿಂದ ರೊಡೆಲ್, "ಮಾ, ಗಿರಾಕಿ ಕರೀತಿದಾನೆ. ದೇವರಿಗೆ ಸ್ವಲ್ಪ ಕಾಯೋಕೆ ಹೇಳು" ಎಂದ.

ಜನ ಆಗಲೇ ಮುತ್ತಿಕೊಂಡು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ನಾನು ಇನಾಂಗ್‌ಳನ್ನು ಹುಡುಕಿದೆ. ಅವಳು ಗೋಡೆಯ ಪಕ್ಕ ನಿಂತಿದ್ದಳು. ನಾನು ಚಿಕ್ಕವನಿದ್ದಾಗ ಬೀಳಿಸಿ ಚಕ್ಕೆ ಎಬ್ಬಿಸಿದ್ದ ಎಡಗಿವಿಯ ನಮ್ಮ ನಿನ್ಯೊ ಅವಳ ಕೈಯಲ್ಲಿದ್ದ. ನೇರಳೆ ಜಾಕೆಟ್, ಹೆಲ್ಮೆಟ್, ಬೆನ್ನಿಗೆ ಡಬ್ಬ. ಅವಳು ಕೂಗಲಿಲ್ಲ. ಆ ಡಬ್ಬವನ್ನು ಮುಟ್ಟಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಡೋಲಿನ ಸದ್ದಿನ ಹಿಂದೆ ಬೀದಿಗೆ ನಡೆದಳು.

ಅಮಾಡೊ ಬೆವರುತ್ತ ಬಂದು ನನ್ನ ತೋಳು ಹಿಡಿದ. "ಬ್ರದರ್, ತಪ್ಪಾಗಿಹೋಯ್ತು. ಬಟ್ಟೆ ನೋಡಿ ಗುರುತು ಹಿಡೀತಿದ್ದೆ, ಬಟ್ಟೆನೇ ಬಿಚ್ಚಿದ ಮೇಲೆ ಯಾರು ಯಾರು ಅಂತ ಹೇಗೆ ಗೊತ್ತಾಗುತ್ತೆ? ಈಗ್ಲೇ ಮೈಕಲ್ಲಿ ಹೇಳ್ಬಿಡ್ಲಾ?"

"ಇರು" ಎಂದೆ.

"ಯಾಕೆ?"

"ಸ್ವಲ್ಪ ಇರು ಅಂದೆ."

ಯಾಕೆಂದು ಅವನಿಗೆ ಹೇಳಲಿಲ್ಲ. ನನಗೆ ಗೊತ್ತಿತ್ತು. ವಾರಗಟ್ಟಲೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ, ವ್ರತ ಈಗ ಬೇಡ ಎಂಬ ಮಾತನ್ನು ಮರದ ನಿನ್ಯೊ ಜಾಕೆಟ್ ತೊಟ್ಟುಕೊಂಡೇ ಹೇಳಿಬಿಟ್ಟಿದ್ದ. ಇದನ್ನು ಹೀಗೇ ಬಿಟ್ಟರೆ ಇನಾಂಗ್ ದೇವರ ಸಂಕೇತವೆಂದು ನಂಬುತ್ತಾಳೆ, ಅತ್ತು ಸುಮ್ಮನಾಗುತ್ತಾಳೆ. ನಾನು ತಲೆಬಾಗಿಸಿ "ದೇವರ ಚಿತ್ತ" ಎಂದರೆ ಸಾಕು. ಅದನ್ನು ಹೇಳಲು ಎಷ್ಟು ಬೇಕಾದರೂ ದನಿಗಳು ನನ್ನ ಹತ್ತಿರ ತಯಾರಿದ್ದವು.

ಮೆರವಣಿಗೆ ಹೊರಟಿತು. ನಮ್ಮಲ್ಲಿ ನಿನ್ಯೊನನ್ನು ಹೊತ್ತು ನಡೆಯುವುದಿಲ್ಲ, ಕುಣಿಸುತ್ತಾರೆ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಓಣಿ ತುಂಬ ಎತ್ತಿದ ಕೈಗಳು, ಕೈಗಳ ಮೇಲೆ ಪುಟ್ಟ ದೇವರುಗಳು. ಪೊಲೀಸ್, ನರ್ಸು, ಕಸ ಗುಡಿಸುವವ, ಹಡಗಿನ ಅಡುಗೆಯವ, ಬಾಸ್ಕೆಟ್‌ಬಾಲ್ ತಾರೆ. ಒಂದು ಮನೆಯ ವಿಡಿಯೊಕೆಯಲ್ಲಿ ಯಾರೋ ಪ್ರೇಮಗೀತೆಯೊಂದರ ಕತ್ತು ಹಿಸುಕುತ್ತಿದ್ದರೆ ಡೋಲು ಅದಕ್ಕೂ ತಾಳ ಹಾಕುತ್ತಿತ್ತು. ನೋಡುತ್ತಿದ್ದಂತೆ ನನಗನ್ನಿಸಿತು: ಈ ಬಾಲಯೇಸುವಿಗಿಂತ ದೊಡ್ಡ ಮಿಮಿಕ್ರಿಯವನು ಇನ್ನೊಬ್ಬನಿಲ್ಲ. ಮಗುವಿನ ಹಾಗೆ ಅತ್ತ, ಬಡಗಿಯ ಹಾಗೆ ಬೆವರಿದ, ಕೊನೆಗೆ ನಮ್ಮ ಹಾಗೆ ಸತ್ತೂ ತೋರಿಸಿದ. ಈಗ ನೇರಳೆ ಜಾಕೆಟ್ ತೊಟ್ಟು ನನ್ನ ತಾಯಿಯ ತಲೆಯ ಮೇಲೆ ಕುಣಿಯುತ್ತಿದ್ದಾನೆ. ಇವನು ಇಷ್ಟು ವೇಷ ಹಾಕಿದರೂ ಯಾರೂ ಇವನನ್ನು ಸುಳ್ಳ ಎನ್ನಲಿಲ್ಲವಲ್ಲ, ನಾನ್ಯಾಕೆ ನನ್ನನ್ನು ಹಾಗೆ ಅಂದುಕೊಳ್ಳುತ್ತಿದ್ದೇನೆ?

ಇನಾಂಗ್ ಹೆಜ್ಜೆ ತಪ್ಪದೆ ಕುಣಿದಳು. ಆದರೆ ಹಾಡಲಿಲ್ಲ.

ಮೆರವಣಿಗೆ ಮುಗಿದ ಮೇಲೆ ಗುಡಿಯ ಹಿಂದೆ, ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ನಿನ್ಯೊ. ಹೆಲ್ಮೆಟ್ ತೆಗೆದು ಅವನ ನೆತ್ತಿಗೆ ಬೀಸಣಿಗೆ ಬೀಸುತ್ತಿದ್ದಳು.

"ಪಿಡ್ಯೊಂಗ್, ಇದು ನಿನ್ನ ಕೆಲಸಾನಾ?"

ಎಲ್ಪಿಡಿಯೊ ಎಂಬ ನನ್ನ ಹೆಸರನ್ನು ಪಿಡ್ಯೊಂಗ್ ಎಂದು ಕರೆಯುವವಳು ಈಗ ಅವಳೊಬ್ಬಳೇ.

"ಅಲ್ಲ ಇನಾಂಗ್. ಅಮಾಡೊ ಒದ್ದೆ ಬಟ್ಟೆ ಒಣಗಿಸಿ ಅದಲು ಬದಲು ತೊಡಿಸಿಬಿಟ್ಟ. ಅಷ್ಟೇ. ಸಂಕೇತ ಗಿಂಕೇತ ಏನಿಲ್ಲ."

"ಬೆಳಿಗ್ಗೆನೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಇಷ್ಟೊತ್ತು ಯಾಕೆ ಹೇಳ್ಲಿಲ್ಲ? ನಾನು ಬಿಸಿಲಲ್ಲಿ ಇಡೀ ಓಣಿ ಕುಣಿದು ಬಂದೆ, ನನ್ನ ಮಗ ಬಿಟ್ಟು ಹೋಗ್ತಾನೆ ಅಂತ ಅಂದುಕೊಂಡು."

ಅವಳ ಬೀಸಣಿಗೆ ನಿಂತಿತು.

"ನೀನು ಯಾವಾಗ್ಲೂ ಹೀಗೇ. ಗಣಿತದಲ್ಲಿ ಡುಮ್ಕಿ ಹೊಡೆದಾಗ ಹೆಡ್‌ಮಾಸ್ಟರ್ ದನೀಲಿ ಬಂದು ಹೇಳ್ದೆ. ನಾನು ನಕ್ಕೆ. ಟಿವಿಯವರು ವಾಪಸ್ ಕಳ್ಸಿದಾಗ ಟಿವಿಯವನ ದನೀಲೇ ಹೇಳ್ದೆ. ಅವಾಗ್ಲೂ ನಕ್ಕೆ. ನಿಮ್ಮಪ್ಪ ಹೋದ ದಿನ, ಆಸ್ಪತ್ರೆ ಒಳಗಿಂದ ಬಂದೋನು ಡಾಕ್ಟರ್ ಥರ ಕನ್ನಡಕ ಸರಿಮಾಡ್ಕೊಳ್ಳೋ ಹಾಗೆ ಮಾಡಿ, ಡಾಕ್ಟರ್ ದನೀಲಿ ಹೇಳ್ದೆ. ನೆನಪಿದೆಯಾ?"

ನೆನಪಿತ್ತು. ಬಿಳಿ ಟೈಲ್ಸಿನ ಆ ಆಸ್ಪತ್ರೆಯ ಪಡಸಾಲೆ, ನನ್ನ ಮೂಗಿನ ಮೇಲೆ ಇಲ್ಲದ ಕನ್ನಡಕ.

"ಅವತ್ತು ನಗೋಕಾಗ್ಲಿಲ್ಲ. ನಂಗೆ ಮಗ ಬೇಕಾಗಿತ್ತು ಕಣೋ, ಡಾಕ್ಟರಲ್ಲ. ಈಗ ನಿನ್ಯೊ ಹತ್ರ ಹೇಳ್ಸೋಕೆ ನೋಡಿದ್ಯಾ? ಅವನಿಗೆ ಬಾಯಿಲ್ಲ, ಪಾಪ. ನೀನೇ ಹೇಳು. ಏನದು?"

ಬಾಯಿ ತೆರೆದೆ. "ಮಗಳೇ, ದೇವರ ಮಾರ್ಗಗಳು..." ಎಂದು ಹೊರಟಿತು. ಅದು ಫಾದರ್ ಒನೊರಾಟೊ, ಕೆಮ್ಮಿನ ಸಮೇತ. ಇನಾಂಗ್ ಬೀಸಣಿಗೆಯಿಂದ ನನ್ನ ಮೊಣಕಾಲಿಗೆ ಒಂದು ಬಾರಿಸಿದಳು. ಮತ್ತೆ ತೆರೆದೆ. ತೊಟ್ಟಿಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೊನೆಗೆ ಕೀರಲು ದನಿಯೊಂದು, ಅಳತೆಯಿಲ್ಲದ್ದು, "ಭಯ ಆಗ್ತಿದೆ ಇನಾಂಗ್" ಎಂದಿತು.

"ಯಾವುದಕ್ಕೆ?"

"ಸಾಯೋ ತನಕ ಅಂತ ಹೇಳಿ, ಆಮೇಲೆ ಹೇಳಿದ್ದು ನಾನಲ್ಲ ಅಂತ ಗೊತ್ತಾದ್ರೆ? ಇಲ್ಲಿರೋದು ನಂಗಿಷ್ಟ. ಆ ರೋಗಿಗಳು, ಅಮಾಡೊ, ಈ ಗಲಾಟೆ, ಎಲ್ಲಾ ಇಷ್ಟ. ಆದ್ರೆ ಈಗ್ಲೇ ಹೇಳೋಕಾಗ್ತಿಲ್ಲ. ಮುಂದಿನ ತಿಂಗಳು ಆಗಲ್ಲ."

ಇಷ್ಟು ಹೇಳುವಷ್ಟರಲ್ಲಿ ನಾನು ಓಡಿಬಂದವನ ಹಾಗೆ ಏದುತ್ತಿದ್ದೆ. ಅವಳು ಅಳುತ್ತಾಳೆಂದುಕೊಂಡಿದ್ದೆ. ಅವಳು ಕಣ್ಣು ಕಿರಿದು ಮಾಡಿ, ಗುರುತು ಸಿಕ್ಕದವನನ್ನು ನೋಡುವಂತೆ ನನ್ನ ಮುಖ ನೋಡಿದಳು. ಆಮೇಲೆ ಬುಟ್ಟಿಯ ಮುಚ್ಚಳ ತೆಗೆದು, "ಪನ್ಸಿತ್ ಹಳಸಿಹೋಗುತ್ತೆ. ತಿನ್ನು" ಎಂದಳು. ತಿಂದೆ. ಅವಳೂ ತಿಂದಳು. ಅರ್ಧದಲ್ಲಿ ಅವಳು ತೋಳಿಗೇ ಕಣ್ಣು ಒರೆಸಿಕೊಂಡದ್ದನ್ನು ನೋಡಿದೆ. ನಿಂಬೆರಸ ಎಂದಳು.

ಬಟ್ಟೆ ಹಿಂದಿರುಗಿಸಬೇಕಲ್ಲ, ಬಿನಿಂಗಳ ಮನೆಗೆ ಹೋದೆವು. ಬಾಗಿಲಲ್ಲೇ ಅರ್ಧ ಓಣಿ ನೆರೆದಿತ್ತು. ರೊಡೆಲ್‌ನ ತಟ್ಟೆಯಲ್ಲಿ ಹಂದಿಮಾಂಸದ ಗುಡ್ಡ. ಅಮಾಡೊನ ಎಡವಟ್ಟನ್ನು ಹೇಳಿದಾಗ ಬಿನಿಂಗಳ ಮುಖ ಇಳಿದುಹೋಯಿತು.

"ಅಬ್ಬ! ಬದುಕಿದೆ!" ಎಂದ ರೊಡೆಲ್. "ಬ್ರದರ್, ಬೆಳಿಗ್ಗೆಯಿಂದ ಮಗನೇ ಮಗನೇ ಅಂತ ತಿನ್ನಿಸ್ತಿದಾರೆ. ಹಚ್ಚೆ ಅಳಿಸೋಕೆ ಸಾಬೂನೂ ತಂದಿದ್ರು."

"ಬಾಯ್ಮುಚ್ಚೋ" ಎಂದು ಬಿನಿಂಗ್ ಇನಾಂಗ್ ಕಡೆ ತಿರುಗಿದಳು. "ಉರ್ಸುಲಾ, ಇವತ್ತೊಂದಿನ ಬಿಟ್ಟುಬಿಡೇ. ಹಬ್ಬ ಮುಗಿಯೋ ತನಕ. ಎಲ್ಲಾ ಬಂದು ನನ್ನ ಕೈ ಹಿಡಿದು ಮಾತಾಡ್ಸಿದ್ರು, ಗೊತ್ತಾ? ಇವನು ಚಾವಣಿ ಬೀಳುತ್ತಾ ನೋಡೋಣ ಅಂತ ಗುಡಿ ಒಳಗೂ ಬಂದ."

ಇನಾಂಗ್ ಬೇಡ ಎನ್ನಲಿಲ್ಲ. ಬಿನಿಂಗಳ ನಿನ್ಯೊನ ಎದೆಯಿಂದ ಬೆಳ್ಳಿಯ ಶಿಲುಬೆಯನ್ನು ಮಾತ್ರ ಬಿಚ್ಚಿಕೊಂಡಳು. ಎಲ್ಲಿಡುವುದೆಂದು ಅತ್ತಿತ್ತ ನೋಡಿ, ತನ್ನ ನಿನ್ಯೊನ ಬೆನ್ನಿನ ರಟ್ಟಿನ ಡಬ್ಬ ತೆರೆದು ಅದರೊಳಗೆ ಹಾಕಿ ಮುಚ್ಚಿದಳು.

ರೊಡೆಲ್ ಮೂಳೆ ಚೀಪುತ್ತ ನೋಡುತ್ತಿದ್ದ. "ತಡ ಆಗುತ್ತೆ ಆಲಿಂಗ್ ಉರ್ಸುಲಾ, ಟ್ರಾಫಿಕ್ ಜಾಸ್ತಿ ಇದೆ" ಎಂದ.

"ಆಗ್ಲಿ. ನಂಗೇನವಸರ?" ಎಂದಳು ಇನಾಂಗ್. ಅವಸರ ಇತ್ತು ಎಂದು ಅವಳ ದನಿ ಹೇಳುತ್ತಿತ್ತು. ಆದರೂ ಜೀಪ್ನಿ ಹತ್ತುವಾಗ ಹೆಲ್ಮೆಟ್ಟನ್ನು ನಿನ್ಯೊನ ತಲೆಗೆ ನೆಟ್ಟಗೆ ಕೂರಿಸಿಯೇ ಹತ್ತಿದಳು.

ಸಂಜೆ ಫಾದರ್ ಒನೊರಾಟೊ ತಮ್ಮ ಕೋಣೆಯಲ್ಲಿ ಕಾಲನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಿದ್ದರು. ಅದೇ ಪ್ಲಾಸ್ಟಿಕ್ ಬಕೆಟ್ಟು.

"ಹೂಂ, ಹೇಳು" ಎಂದರು.

"ಫಾದರ್, ಈ ಸಲ ನಿತ್ಯವ್ರತ ಬೇಡ. ಬಿಟ್ಟು ಹೋಗ್ತಿಲ್ಲ. ಇನ್ನೊಂದು ವರ್ಷದ ವ್ರತ ಕೊಡಿ. ಭಯಾನೂ ಇದೆ, ಇಷ್ಟಾನೂ ಇದೆ. ಯಾವುದು ಜಾಸ್ತಿ ಅಂತ ಇನ್ನೂ ಗೊತ್ತಿಲ್ಲ."

ಅವರು ಕೆಮ್ಮಲಿಲ್ಲ. ತಲೆ ಒಂದು ಕಡೆ ವಾಲಿಸಿ, ಪಕ್ಕದ ಮನೆಯ ರೇಡಿಯೊ ಕೇಳುವವರಂತೆ ಕಿವಿಗೊಟ್ಟರು.

"ಇದು ಯಾರ ದನಿ?" ಎಂದು ಕೇಳಿದರು. "ನಂದಲ್ಲ. ಟಿವಿಯವನದೂ ಅಲ್ಲ. ಸ್ವಲ್ಪ ಕೀರಲು."

"ಇನ್ನೂ ಅಭ್ಯಾಸ ಮಾಡ್ತಿದೀನಿ ಫಾದರ್."

"ಸರಿ, ಒಂದು ವರ್ಷ" ಎಂದು ಅವರು ಕಾಲನ್ನು ಬಕೆಟ್ಟಿನಿಂದ ಮೇಲೆತ್ತಿದರು. "ಆ ಟವೆಲ್ ಕೊಡು."

ಕೊಟ್ಟೆ.